ಪ್ರಿಂಟರ್ ತಾನ ಕೂಗಿ ಹೇಳ್ತೈತಿ, ನೀವು ಕಿವಿ ಕೊಡ್ರಿ ಸಾಕು

"ಲಿನಕ್ಸ್‌ಗೂ ಪ್ರಿಂಟರ್‌ಗೂ ಆಗಿ ಬರಂಗಿಲ್ಲ ಬಿಡೋ" ಅಂದ ಮೊನ್ನೆ ನಮ್ಮ ಗೆಳೆಯ. ವಿಜಯಪುರದ ಗಾಂಧಿ ಚೌಕದ ಕಡೆ ಜೆರಾಕ್ಸ್ ಅಂಗಡಿ ಅವಂದು, ಡ್ರೈವರ್ ಸಿಡಿ ಹುಡುಕಿ ಹುಡುಕಿ ಸಾಕಾಗಿತ್ತು. ಲಿನಕ್ಸ್ ಅಂದ್ರ ವಿಂಡೋಸ್‌ನಂಗ ಕಂಪ್ಯೂಟರ್ ನಡೆಸೋ ಸ್ವತಂತ್ರ ತಂತ್ರಾಂಶ, ಅಂದ್ರ ಯಾರು ಬೇಕಾದ್ರೂ ನೋಡಿ, ತಿದ್ದಿ, ಹಂಚಬಹುದಾದದ್ದು. ಈ ಮಾತು ಕೇಳಿದ್ರ ನನಗ ಸಂಕಟ ಆಗ್ತೈತಿ, ಯಾಕಂದ್ರ ಸ್ವತಂತ್ರ ತಂತ್ರಾಂಶದ ಚಳವಳಿಗೆ ಕಿಡಿ ಹಚ್ಚಿದ್ದರಾಗ ಒಂದು ಪ್ರಿಂಟರ್‌ದೂ ಪಾಲೈತಿ. 1980ರ ಹೊತ್ತಿಗೆ ಅಮೆರಿಕದ ಎಂಐಟಿ ಲ್ಯಾಬಿಗೆ ಹೊಸ ಲೇಸರ್ ಪ್ರಿಂಟರ್ ಬಂತು, ಹಾಳಿ ಸಿಕ್ಕೊಂಡ್ರ ಎಲ್ಲಾರಿಗೂ ಮೆಸೇಜ್ ಹೋಗೋ ಹಂಗ ಮಾಡೋಣು ಅಂತ ಅಲ್ಲಿನ ಪ್ರೋಗ್ರಾಮರ್ ರಿಚರ್ಡ್ ಸ್ಟಾಲ್ಮನ್ ಹೊಂಟ್ರು, ಆದ್ರ ಪ್ರಿಂಟರ್ ತಂತ್ರಾಂಶದ ಸೋರ್ಸ್ ಕೋಡ್, ಅಂದ್ರ ಅದರ ಮೂಲ ಬರಹ, ಅವರಿಗೆ ಕೊಡಲಿಲ್ಲ. ಆ ಸಿಟ್ಟು ಒಳಗ ಉಳೀತು, 1983ರಾಗ ಸ್ವತಂತ್ರ ತಂತ್ರಾಂಶ ಕಟ್ಟೋ ಗ್ನು ಯೋಜನೆ ಸಾರಿದ್ರು.

ಈಗಿನ ನೆಟ್‌ವರ್ಕ್ ಪ್ರಿಂಟರ್‌ನ್ಯಾಗ ನನಗ ಭಾಳ ಸೇರೋದು ಎಂಡಿಎನ್‌ಎಸ್, ಒಂದ ನೆಟ್‌ವರ್ಕಿನ್ಯಾಗಿನ ಯಂತ್ರಗಳು ಒಂದನ್ನೊಂದು ಹುಡುಕೋ ಪದ್ಧತಿ. ಊರಾಗ ಡಂಗುರ ಸಾರಿದಂಗ ಅದು. "ಇಲ್ಲಿ ಪ್ರಿಂಟ್ ಮಾಡವ್ರು ಯಾರದೀರಿ?" ಅಂತ ಕಂಪ್ಯೂಟರ್ 224.0.0.251 ಅನ್ನೋ ವಿಳಾಸಕ್ಕ, 5353ನೇ ಪೋರ್ಟಿಗೆ (ಆ ವಿಳಾಸದಾಗಿನ ಬಾಗಿಲ ನಂಬರ್ ಇದ್ದಂಗ) ಒಂದು ಕೂಗು ಹಾಕ್ತೈತಿ. ಕೂಗು ಎಲ್ಲಾರ ಬಾಗಿಲಿಗೂ ಹೋಗ್ತೈತಿ, ಸಂಬಂಧ ಇದ್ದವರಷ್ಟ ಓ ಅಂತಾರ. ಪ್ರಿಂಟರ್ ಓ ಅಂದು ಸುಮ್ನಾಗಂಗಿಲ್ಲ, ತನ್ನ ಹೆಸರು, ಕಲರ್ ಬರ್ತೈತೋ ಇಲ್ಲೋ, ಎರಡೂ ಮಗ್ಗಲ ಹೊಡೀತೈತೋ, ಪಿಡಿಎಫ್ ತಿಳೀತೈತೋ, ಎಲ್ಲಾ ಹೇಳ್ತೈತಿ. ಸಂತ್ಯಾಗ ಮೆಣಸಿನಕಾಯಿ ಮಾರವ್ರು ರೇಟು, ತೂಕ, ಯಾವೂರ ಮಾಲು ಅಂತ ಒಂದ ಉಸಿರಿನ್ಯಾಗ ಕೂಗ್ತಾರಲ್ಲ, ಹಂಗ. ಮೊದಲು ಡ್ರೈವರ್ ಅಂದ್ರ ದುಭಾಷಿ, ಪ್ರತಿ ಪ್ರಿಂಟರ್‌ಗೂ ಬ್ಯಾರೆ ಬ್ಯಾರೆ. ಈಗ ಪ್ರಿಂಟರೇ ಎಲ್ಲಾರೂ ಒಪ್ಪಿದ ಭಾಷೆ ಕಲ್ತು ಬರ್ತೈತಿ, ದುಭಾಷಿ ಯಾಕ ಬೇಕು? ಡಬ್ಬಿ ಮ್ಯಾಲೆ ಏರ್‌ಪ್ರಿಂಟ್ (ಡ್ರೈವರ್ ಇಲ್ಲದ ಪ್ರಿಂಟ್ ಮಾಡೋ ಆಪಲ್‌ನ ಪದ್ಧತಿ) ಅಂತ ಬರದಿದ್ರ ಬಹುತೇಕ ಸಿಡಿ ಬ್ಯಾಡ. ಭಾಳ ಹಳೇದಾದ್ರ ಮಾತು ಬ್ಯಾರೆ.

ಲಿನಕ್ಸ್‌ನ್ಯಾಗ ಈ ಕೂಗು ಕೇಳೋದು ಆವಾಹಿ ಅನ್ನೋ ತಂತ್ರಾಂಶ, ಕೇಳಿ ಪ್ರಿಂಟ್ ಕೆಲಸ ಹಚ್ಚೋದು ಕಪ್ಸ್ ಅನ್ನೋ ಇನ್ನೊಂದು. ಕಪ್ಸ್ 1999ರಾಗ ಬಂತು, ಅದನ್ನ ಬರೆದ ಮೈಕೆಲ್ ಸ್ವೀಟ್‌ರನ್ನ ಆಮ್ಯಾಲೆ ಆಪಲ್ ಕೆಲಸಕ್ಕ ತಗೊಂತು, 2007ರಾಗ ಕಪ್ಸ್‌ನೂ ಕೊಂಡಿತು. ಆಪಲ್‌ನ ಮ್ಯಾಕ್ ಕಂಪ್ಯೂಟರ್‌ನ್ಯಾಗೂ ಲಿನಕ್ಸ್‌ನ್ಯಾಗೂ ಪ್ರಿಂಟ್ ಹೋಗೋ ದಾರಿ ಒಂದ ಮೂಲದ್ದು. ಸ್ಕ್ಯಾನರ್ ಬಗ್ಗೆ ಇಷ್ಟ, ಸೇನ್-ಏರ್‌ಸ್ಕ್ಯಾನ್ ಅನ್ನೋ ತಂತ್ರಾಂಶ ಹಾಕ್ಕೊಂಡ್ರ ಅದೂ ಇದ ಡಂಗುರದಿಂದ ಸಿಗ್ತೈತಿ.

ಹಂಗಾದ್ರ ಗೆಳೆಯನ ಪ್ರಿಂಟರ್ ಯಾಕ ಕಾಣಲಿಲ್ಲ? ಗೋಳಗುಮ್ಮಟದ ಪಿಸುಗುಟ್ಟೋ ಗ್ಯಾಲರಿ ನೆನಪ ಮಾಡ್ಕೊಳ್ರಿ. ಈ ಗ್ವಾಡಿಗೆ ಬಾಯಿ ಹಚ್ಚಿ ಪಿಸುಗುಟ್ಟಿದ್ರ ಸುಮಾರು 38 ಮೀಟರ್ ಆಚೆ ಕಿವಿ ಹಚ್ಚಿದವಗ ಕೇಳ್ತೈತಿ, ಆದ್ರ ಗುಮ್ಮಟದ ಹೊರಗ ನಿಂತವಗ ಕೇಳಂಗಿಲ್ಲ. ಎಂಡಿಎನ್‌ಎಸ್ ಕೂಗೂ ಹಂಗ, ಒಂದ ನೆಟ್‌ವರ್ಕಿನ ಒಳಗಷ್ಟ ತಿರಗತೈತಿ, ರೂಟರ್ ಅದನ್ನ ಆಚೆ ದಾಟಸಂಗಿಲ್ಲ. ಇವನ ಪ್ರಿಂಟರ್ ಮೇನ್ ವೈಫೈನ್ಯಾಗ, ಲ್ಯಾಪ್‌ಟಾಪ್ ಗೆಸ್ಟ್ ವೈಫೈನ್ಯಾಗ, ಅಂದ್ರ ಎರಡೂ ಬ್ಯಾರೆ ಬ್ಯಾರೆ ನೆಟ್‌ವರ್ಕಿನ್ಯಾಗ. ಅದಕ್ಕ "ನನ್ನ ಟೈಮ ಸರಿ ಇಲ್ಲ" ಅಂತ ಪ್ರಿಂಟರ್‌ಗೆ ನಿಂಬೆಹಣ್ಣು ಇಳಿಸಿದ್ದ, ನೋಡಿ ಭಾಳ ಕೆಟ್ಟನಿಸ್ತು. ಕಂಪ್ಯೂಟರಿನ ಕಾವಲುಗಾರ ಫೈರ್‌ವಾಲ್ 5353ನೇ ಪೋರ್ಟ್ ತಡೆದ್ರೂ ಇದ ಗತಿ, ಅದನ್ನೂ ನೋಡಿದ್ವಿ, ತೆರೆದ ಇತ್ತು.

ಲ್ಯಾಪ್‌ಟಾಪ್ ಮೇನ್ ವೈಫೈಗೆ ಹಚ್ಚಿದ್ವಿ. ಸ್ವಲ್ಪ ಹೊತ್ತಿನ್ಯಾಗ ಲಿಸ್ಟಿನ್ಯಾಗ ಪ್ರಿಂಟರ್ ಹೆಸರು ಬಂತು, ಅದರ ಕೆಳಗ ಸ್ಕ್ಯಾನರ್. ಹೊಲದ ಉತಾರ ಹಿಡ್ಕೊಂಡು ಮುಂಜಾನಿಂದ ಕುಂತಿದ್ದ ಅಜ್ಜಂದು ಮೊದಲ ಸ್ಕ್ಯಾನ್ ಮಾಡಿ ಕೊಟ್ವಿ.