ಹಾರುಬೂದಿಯ ಕಾಂಕ್ರೀಟ್ ರಸ್ತೆ ಬೇಡುವುದು ತಾಳ್ಮೆಯನ್ನು

ಕಲ್ಲಿದ್ದಲು ಉರಿಸುವ ವಿದ್ಯುತ್ ಸ್ಥಾವರದಲ್ಲಿ ಹೊಗೆ ಚಿಮಣಿ ಸೇರುವ ಮುನ್ನ ಅದರಿಂದ ಹಿಡಿದಿಟ್ಟ ನುಣುಪು ಬೂದಿಯೇ ಹಾರುಬೂದಿ. ಕಬ್ಬಿಣದ ಊದುಕುಲುಮೆಯಲ್ಲಿ ತೇಲುವ ಕಿಟ್ಟವನ್ನು ನೀರು ಚಿಮ್ಮಿಸಿ ಥಟ್ಟನೆ ತಣಿಸಿ, ಸಿಮೆಂಟಿನಷ್ಟೇ ನುಣ್ಣಗೆ ಅರೆದರೆ ಸ್ಲ್ಯಾಗ್ ಪುಡಿ. ಇವನ್ನು ಬೆರೆಸಿದ ರಸ್ತೆ ಕಳಪೆ ಎಂಬ ಅನುಮಾನ ಇನ್ನೂ ಹೋಗಿಲ್ಲ. ಸರಿಯಾಗಿ ಮಾಡಿದರೆ ಬರೀ ಸಿಮೆಂಟಿನ ರಸ್ತೆಗಿಂತ ಇದೇ ಹೆಚ್ಚು ಬಾಳುತ್ತದೆ.

ಸಿಮೆಂಟಿಗೆ ನೀರು ಸೇರಿದಾಗ ಮುಖ್ಯವಾಗಿ ಎರಡು ವಸ್ತು ಹುಟ್ಟುತ್ತವೆ. ಒಂದು, ಬಲ ಕೊಡುವ ಕ್ಯಾಲ್ಸಿಯಂ ಸಿಲಿಕೇಟ್ ಹೈಡ್ರೇಟ್ ಎಂಬ ಅಂಟು. ಇನ್ನೊಂದು ಅರಳಿದ ಸುಣ್ಣ. ಇದು ಬಲಕ್ಕೆ ಹೆಚ್ಚು ನೆರವಾಗದು, ನೀರಿನಲ್ಲಿ ನಿಧಾನವಾಗಿ ಕರಗಿ ರಂಧ್ರ ಬಿಡುತ್ತದೆ. ಹಾರುಬೂದಿಯಲ್ಲಿರುವ ಗಾಜಿನಂಥ ಸಿಲಿಕಾ ಈ ಸುಣ್ಣವನ್ನೇ ಹಿಡಿದು ಮತ್ತಷ್ಟು ಅಂಟು ಮಾಡುತ್ತದೆ. ರಂಧ್ರಗಳು ಕಿರಿದಾಗಿ ನೀರು, ಲವಣ ಒಳಗಿಳಿಯುವುದು ತಗ್ಗುತ್ತದೆ. ಕೆಲವು ಬಗೆಯ ಜಲ್ಲಿ ಸಿಮೆಂಟಿನ ಕ್ಷಾರದೊಡನೆ ವರ್ತಿಸಿ ಉಬ್ಬುವುದನ್ನೂ ಸುಣ್ಣದಂಶ ಕಡಿಮೆಯಿರುವ ಹಾರುಬೂದಿ ತಡೆಯುತ್ತದೆ. ಆದರೆ ಈ ಕ್ರಿಯೆ ವಾರಗಟ್ಟಲೆ ನಡೆಯುವಂಥದ್ದು. ತೊಂದರೆಗಳೆಲ್ಲ ಶುರುವಾಗುವುದು ಇಲ್ಲಿಂದಲೇ.

ಮೊದಲು ಅಳತೆ ನೋಡೋಣ. ಒಂದು ಘನ ಮೀಟರ್ ಕಾಂಕ್ರೀಟಿಗೆ ಸಿಮೆಂಟ್ 270 ಕೆಜಿ, ಹಾರುಬೂದಿ 110 ಕೆಜಿ, ನೀರು 150 ಲೀಟರ್, ಮರಳು 700 ಕೆಜಿ, ಜಲ್ಲಿ 1150 ಕೆಜಿ, ಜೊತೆಗೆ ನೀರು ತಗ್ಗಿಸುವ ರಾಸಾಯನಿಕ. ಪ್ರಯೋಗ ಮಿಶ್ರಣ ಆರಂಭಿಸಲು ಇದು ಒಳ್ಳೆಯ ನೆಲೆ. ಸ್ಥಳದ ಮರಳು, ಜಲ್ಲಿಗೆ ತಕ್ಕಂತೆ ತಿದ್ದಲೇಬೇಕು. 7 ಮೀಟರ್ ಅಗಲ, 250 ಮಿ.ಮೀ. ದಪ್ಪದ ರಸ್ತೆಗೆ ಕಿಲೋಮೀಟರಿಗೆ 1750 ಘನ ಮೀಟರ್ ಕಾಂಕ್ರೀಟ್ ಬೇಕು. ಅಂದರೆ ಅಷ್ಟರಲ್ಲೇ ಸುಮಾರು 190 ಟನ್ ಸಿಮೆಂಟಿನ ಜಾಗವನ್ನು ಬೂದಿ ತುಂಬುತ್ತದೆ. ಸುಣ್ಣಕಲ್ಲನ್ನು 1450 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಸುಟ್ಟು ಸಿಮೆಂಟ್ ಮಾಡುವುದನ್ನು ನೆನೆದರೆ ಇದು ದೊಡ್ಡ ಉಳಿತಾಯ. ಸ್ಲ್ಯಾಗ್ ಪುಡಿಯನ್ನಾದರೆ ಸಿಮೆಂಟಿನ ಬದಲಿಗೆ ಶೇ. 50ರವರೆಗೂ ಬಳಸುವುದುಂಟು.

ಬೂದಿಯಲ್ಲಿ ಸುಡದೆ ಉಳಿದ ಇಂಗಾಲವಿದ್ದರೆ ಅದು ರಾಸಾಯನಿಕಗಳನ್ನು ಹೀರಿಕೊಳ್ಳುತ್ತದೆ. ನೀರು ಹೆಪ್ಪುಗಟ್ಟುವ ಪ್ರದೇಶದಲ್ಲಿ ಕಾಂಕ್ರೀಟಿನೊಳಗೆ ಸಣ್ಣ ಗಾಳಿಗುಳ್ಳೆ ಉಳಿಸುವ ದ್ರಾವಣ ಹಾಕುತ್ತಾರೆ. ಇಂಗಾಲ ಅದನ್ನು ನುಂಗಿದರೆ ಮೇಲ್ಪದರ ಚಕ್ಕೆಯೇಳುತ್ತದೆ. ಪರೀಕ್ಷೆ ಸರಳ. ಬಾಟಲಿಯಲ್ಲಿ ಸಿಮೆಂಟ್, ಬೂದಿ, ನೀರು ಹಾಕಿ ಕುಲುಕಬೇಕು. ಗಾಳಿಗುಳ್ಳೆಯ ದ್ರಾವಣವನ್ನು ತೆಳುಮಾಡಿ ಅದಕ್ಕೆ ಹನಿಹನಿಯಾಗಿ ಸೇರಿಸುತ್ತ, ಪ್ರತಿ ಸಲ ಕುಲುಕಿ, ನೊರೆ 45 ಸೆಕೆಂಡ್ ಒಡೆಯದೆ ನಿಲ್ಲುವವರೆಗೆ ಹನಿ ಎಣಿಸಬೇಕು. ಹೊಸ ಲೋಡಿನ ಬೂದಿಗೆ ಹನಿಗಳ ಲೆಕ್ಕ ಏಕಾಏಕಿ ಏರಿದರೆ ಆ ಲೋಡನ್ನು ಹಾಗೇ ಬಳಸಬಾರದು.

ಎಷ್ಟೋ ರಸ್ತೆಗಳು ಕೆಡುವುದು ಜಾಯಿಂಟ್ ಕೊಯ್ಯುವ ಹೊತ್ತಿನಲ್ಲಿ. ಕಾಂಕ್ರೀಟ್ ಕುಗ್ಗಿದಾಗ ಬಿರುಕು ನಾವು ಹೇಳಿದ ಕಡೆಯೇ ಬರಲೆಂದು ದಪ್ಪದ ಕಾಲುಭಾಗದಿಂದ ಮೂರನೇ ಒಂದು ಭಾಗದಷ್ಟು ಆಳಕ್ಕೆ ಗರಗಸ ಹಾಯಿಸುತ್ತೇವೆ. ಹಾರುಬೂದಿ ಸೇರಿದಾಗ ಗಟ್ಟಿಯಾಗುವುದು ತಡ, ತಂಪು ಹವೆಯಲ್ಲಂತೂ ಇನ್ನೂ ತಡ. ಹಳೆಯ ಗಡಿಯಾರದ ಲೆಕ್ಕದಲ್ಲೇ ಕೊಯ್ದರೆ ಅಂಚಿನ ಜಲ್ಲಿ ಕಿತ್ತು ಬರುತ್ತದೆ. ಹೆಚ್ಚು ಕಾದರೆ ಬಿರುಕು ತನ್ನದೇ ದಾರಿ ಹಿಡಿದಿರುತ್ತದೆ. ಒಂದೆರಡು ಅಡಿ ಕೊಯ್ದು ಅಂಚು ನೋಡಿ. ಜಲ್ಲಿ ಕದಲದೆ ಗೆರೆ ನೇರ ಬಂದರೆ ನಿಲ್ಲಿಸದೆ ಮುಂದುವರಿಸಿ.

ಕ್ಯೂರಿಂಗ್‌ನಲ್ಲಿ, ಅಂದರೆ ಕಾಂಕ್ರೀಟನ್ನು ತೇವವಾಗಿಡುವುದರಲ್ಲಿ, ಚೌಕಾಸಿ ಬೇಡ. ಬರೀ ಸಿಮೆಂಟಿಗೆ 7 ದಿನ ಸಾಕೆನಿಸಿದರೂ ಇದಕ್ಕೆ 10ರಿಂದ 14 ದಿನ ತೇವ ಬೇಕು. ಮೇಲ್ಮೈ ಬೇಗ ಒಣಗಿದರೆ ಬೂದಿ ಕ್ರಿಯೆಗಿಳಿಯದೆ ಬರೀ ಧೂಳಾಗಿ ಉಳಿದು ಚಕ್ರದಡಿ ಸವೆಯುತ್ತದೆ. ಸ್ಲ್ಯಾಗ್ ಬಳಸಿದಾಗ ಅಚ್ಚು ಬಿಚ್ಚಿದ ಕೂಡಲೇ ಬದಿ ಹಸಿರುನೀಲಿಯಾಗಿ ಕಾಣಬಹುದು. ಗಾಳಿ ತಗುಲಿದ ಮೇಲೆ ಅದು ತಾನೇ ಮಾಯವಾಗುತ್ತದೆ, ಗಾಬರಿ ಬೇಡ.

ಉಕ್ಕಿನ ಕುಲುಮೆಯ ಕಿಟ್ಟ ಮಾತ್ರ ಬೇರೆಯೇ ವಸ್ತು. ಅದರಲ್ಲಿ ಉಳಿದ ಸುಣ್ಣ, ಮೆಗ್ನೀಷಿಯಾ ವರ್ಷಗಳ ನಂತರವೂ ನೀರುಂಡು ಹಿಗ್ಗಿ ಚಪ್ಪಡಿಯನ್ನು ಸೀಳಬಲ್ಲವು. ತಿಂಗಳುಗಟ್ಟಲೆ ಮಳೆ–ಬಿಸಿಲಿಗೆ ಬಿಟ್ಟು, ಹಿಗ್ಗುವ ಪರೀಕ್ಷೆ ಮಾಡದೆ ಅದನ್ನು ಜಲ್ಲಿಯಾಗಿ ಕಾಂಕ್ರೀಟಿಗೆ ಹಾಕಲೇಬಾರದು.

ವಾಹನ ಬಿಡುವ ದಿನವನ್ನು ಕ್ಯಾಲೆಂಡರ್ ನೋಡಿ ಗೊತ್ತುಮಾಡಬೇಡಿ. ರಸ್ತೆಯ ಪಕ್ಕದಲ್ಲೇ, ಅದೇ ಹವೆಯಲ್ಲಿ ಇಟ್ಟ ಅದೇ ಕಾಂಕ್ರೀಟಿನ ಮಾದರಿ ಬೀಮ್‌ಗಳನ್ನು ಬಾಗಿಸಿ ಮುರಿದು, ಬೇಕಾದ ಬಲ ಬಂದ ಮೇಲಷ್ಟೇ ತೆರೆಯಿರಿ.