ಹಳೇ ಮಿಲಿಟರಿ ವಾಚಿನ ನೀಲಿ ಮುಳ್ಳು: ಪೇಂಟ್ ಹೊಡೆದ್ರೆ ಅದೇ ಬರಲ್ವಾ?

ಹಳೇ ವಾಚಿನ ಹುಚ್ಚು ಇರೋರ ಹತ್ರ ಹೊಸಬರು ಕೇಳೇ ಕೇಳೋ ಪ್ರಶ್ನೆ ಇದು: "ಮಹಾಯುದ್ಧದ ಕಾಲದ ವಾಚು ಸಿಕ್ರೆ ನೀವೆಲ್ಲಾ ಮೊದ್ಲು ನೀಲಿ ಮುಳ್ಳು ಇದ್ಯಾ ಅಂತ ನೋಡ್ತೀರಲ್ಲ, ಅದು ಬರೀ ಒಂದು ಬಣ್ಣ ತಾನೇ, ಯಾವ್ದಾದ್ರೂ ಸ್ಟೀಲ್ ಮುಳ್ಳಿಗೆ ನೀಲಿ ಪೇಂಟ್ ಹೊಡೆದ್ರೆ ಅದೇ ಬರಲ್ವಾ?"

ಬರಲ್ಲ. ಯಾಕಂದ್ರೆ ಆ ಮುಳ್ಳಿನ ಮೇಲೆ ನೀಲಿ ಬಣ್ಣ ಅನ್ನೋ ಪದಾರ್ಥವೇ ಇಲ್ಲ. ಅಲ್ಲಿರೋದು ಬಿಸಿಗೆ ಹುಟ್ಟಿದ ಒಂದು ಪೊರೆ ಅಷ್ಟೆ. ಚೆನ್ನಾಗಿ ಪಾಲಿಶ್ ಮಾಡಿದ ಕಾರ್ಬನ್ ಸ್ಟೀಲನ್ನ ನಿಧಾನಕ್ಕೆ ಕಾಯಿಸ್ತಾ ಹೋದ್ರೆ ಗಾಳೀಲಿರೋ ಆಕ್ಸಿಜನ್ ಅದ್ರ ಮೈಗೆ ಸೇರ್ಕೊಂಡು ಆಕ್ಸೈಡ್ ಪದರ ಕಟ್ಟತ್ತೆ, ಅದ್ರ ದಪ್ಪ ಒಂದು ಮಿಲಿಮೀಟರನ್ನ ಹತ್ತು ಸಾವಿರ ಪಾಲು ಮಾಡಿದ್ರೆ ಅದ್ರಲ್ಲಿ ಒಂದು ಪಾಲಿಗಿಂತಲೂ ಕಮ್ಮಿ. ಬೆಳಕು ಬಿದ್ದಾಗ ಸ್ವಲ್ಪ ಆ ಪದರದ ಮೇಲಿಂದಲೇ ವಾಪಸ್ ಬರತ್ತೆ, ಸ್ವಲ್ಪ ಒಳಗೆ ಹೋಗಿ ಕೆಳಗಿರೋ ಸ್ಟೀಲಿಗೆ ಬಡಿದು ವಾಪಸ್ ಬರತ್ತೆ, ಎರಡೂ ಮತ್ತೆ ಸೇರೋವಾಗ ಕೆಲವು ಬಣ್ಣ ಒಂದನ್ನೊಂದು ಅಳಿಸಿಕೊಂಡು ಕೆಲವು ಎದ್ದು ಕಾಣ್ಸತ್ತೆ. ಸೋಪಿನ ಗುಳ್ಳೆ ಮೇಲೆ, ಪಾರಿವಾಳದ ಕತ್ತಿನ ಮೇಲೆ ನಾವು ನೋಡೋದೂ ಇದೇ ಆಟ. ಅದಕ್ಕೇ ನೀಲಿ ಮುಳ್ಳು ಎಲ್ಲಾ ಕೋನದಿಂದಲೂ ನೀಲಿ ಕಾಣಲ್ಲ. ನೆರಳಲ್ಲಿ ಹಿಡಿದ್ರೆ ಕಪ್ಪು ಅಂತಲೇ ಅನ್ಸತ್ತೆ, ಮಣಿಕಟ್ಟು ಚೂರು ತಿರುಗಿಸಿ ಕಿಟಕಿ ಬೆಳಕು ಬಿತ್ತು ಅಂದ್ರೆ ಫಕ್ ಅಂತ ಕಡುನೀಲಿ ಹೊತ್ಕೊಳತ್ತೆ. ಪೇಂಟು ಎಲ್ಲಿಂದ ನೋಡಿದ್ರೂ ಅದೇ ಬಣ್ಣ, ಅದಕ್ಕೆ ಈ ಜೀವ ಬರಲ್ಲ.

ಈಗ ಹದದ ವಿಷಯ, ನನಗೆ ಇದ್ರಲ್ಲಿ ತುಂಬಾ ಇಷ್ಟವಾದ ಭಾಗ ಇದೇ. ಕಮ್ಮಾರರಿಗೆಲ್ಲಾ ಗೊತ್ತಿರೋ ವಿದ್ಯೆ ಇದು, ಉಕ್ಕು ಕಾಯ್ತಾ ಕಾಯ್ತಾ ಬಣ್ಣ ಬದಲಾಗೋದನ್ನ ನೋಡಿ ಹದ ಹಿಡಿಯೋದು. ಸುಮಾರು 220 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ಒಣಹುಲ್ಲಿನ ತಿಳಿ ಹಳದಿ ಬರತ್ತೆ, ಆಮೇಲೆ ಗಾಢ ಹಳದಿ, ಕಂದು, 280ರ ಹತ್ರ ನೇರಳೆ, 300ರ ಆಸುಪಾಸು ನಮಗೆ ಬೇಕಾದ ಕಡುನೀಲಿ, ಇನ್ನೂ ಬಿಟ್ರೆ ತಿಳಿನೀಲಿಗೆ ಜಾರಿ ಕೊನೆಗೆ ಬೂದಿ ಬಣ್ಣ. ಕಡುನೀಲಿ ನಿಲ್ಲೋ ಹೊತ್ತು ಬಹಳ ಚಿಕ್ಕದು, ಆ ಗಳಿಗೇಲಿ ತೆಗೆದ್ರೆ ಉಂಟು ಇಲ್ಲಾಂದ್ರೆ ಇಲ್ಲ, ಮುಂದೆ ಹೋದದ್ದನ್ನ ಹಿಂದಕ್ಕೆ ತರೋಕಾಗಲ್ಲ, ಪೂರ್ತಿ ಉಜ್ಜಿ ತೆಗೆದು ಮತ್ತೆ ಪಾಲಿಶ್ ಮಾಡಿ ಮೊದಲಿಂದ ಶುರು ಮಾಡಬೇಕು.

ನಾನು ಇದನ್ನ ಒಂದ್ಸಲ ಕೈಯಾರೆ ಮಾಡಿ ನೋಡ್ಬೇಕು ಅಂತ ಗುಜರಿ ಮುಳ್ಳುಗಳನ್ನ ಒಟ್ಟು ಮಾಡಿ ಕೂತಿದ್ದೆ. ಒಂದು ಪುಟ್ಟ ಹಿತ್ತಾಳೆ ತಟ್ಟೆ, ಅದ್ರ ತುಂಬಾ ಹಿತ್ತಾಳೆ ಪುಡಿ, ಕೆಳಗೆ ಸ್ಪಿರಿಟ್ ದೀಪ. ಮುಳ್ಳನ್ನ ನೇರವಾಗಿ ಉರಿಗೆ ಹಿಡಿಯೋ ಹಾಗಿಲ್ಲ, ತುದಿ ಕೂದಲಷ್ಟು ಸಣ್ಣ, ಬುಡ ದಪ್ಪ, ಹಾಗೇ ಹಿಡಿದ್ರೆ ತುದಿ ನೀಲಿ ದಾಟಿ ಬೂದಿಯಾಗಿರತ್ತೆ ಬುಡ ಇನ್ನೂ ಹಳದೀಲೇ ಇರತ್ತೆ, ಹಿತ್ತಾಳೆ ಪುಡಿ ಮೇಲೆ ಮಲಗಿಸಿದ್ರೆ ಬಿಸಿ ಎಲ್ಲಾ ಕಡೆ ಸಮವಾಗಿ ಹರಡತ್ತೆ. ಮೊದಲನೇ ಮುಳ್ಳಲ್ಲಿ ಒಂದು ಬೆರಳಿನ ಗುರುತು ಉಳಿದಿತ್ತು ಅನ್ಸತ್ತೆ, ಕಣ್ಣಿಗೆ ಕಾಣ್ತಿರ್ಲಿಲ್ಲ, ಆದ್ರೆ ಕಾದಾಗ ಆ ಜಾಗ ಮಾತ್ರ ಮೋಡದ ಹಾಗೆ ಮಚ್ಚೆ ಬಿತ್ತು. ಎರಡನೇದು ನೇರಳೆಗೆ ಬಂದಾಗ ಇನ್ನೊಂಚೂರು ಅಂತ ಬಿಟ್ಟೆ, ಒಂದೆರಡು ಉಸಿರಲ್ಲಿ ನೀಲಿ ದಾಟಿ ಹೋಗೇ ಬಿಡ್ತು. ಮೂರನೇದನ್ನ ಪೂರ್ತಿ ನೀಲಿ ಆಗೋಕೆ ಮುಂಚೆಯೇ ಚಿಮಟದಲ್ಲಿ ಎತ್ತಿದೆ, ಬಿಸಿ ಒಳಗೇ ಉಳಿದಿರತ್ತಲ್ಲ, ಅದು ಗಾಳೀಲಿ ಇದ್ದಾಗಲೇ ನೇರಳೆಯಿಂದ ನೀಲಿಗೆ ತಿರುಗಿ ನಿಂತ್ಕೊಳ್ತು. ಅವತ್ತಿಂದ ಹಳೇ ವಾಚಿನ ಮುಳ್ಳು ನೋಡಿದಾಗೆಲ್ಲಾ ನನಗೆ ಅನ್ಸೋದು ಒಂದೇ, ಇದನ್ನ ಯಾರೋ ಕಣ್ಣು ಮಿಟುಕಿಸದೇ ನೋಡ್ತಾ ಕೂತು ಸರಿಯಾದ ಗಳಿಗೇಲಿ ಎತ್ತಿದ್ದಾರೆ. ಅವರ ಹೆಸರು ಯಾರಿಗೂ ಗೊತ್ತಿಲ್ಲ, ಆದ್ರೆ ಅವರು ಕೈ ಎತ್ತಿದ ಆ ಗಳಿಗೆ ಮುಳ್ಳಿನ ಮೇಲೆ ಹಾಗೇ ಉಳಿದಿದೆ.

ಸರಿ, ಇದು ಜೇಬಿನ ಗಡಿಯಾರಗಳಲ್ಲೂ ಇತ್ತಲ್ಲ, ಮಿಲಿಟರಿ ವಾಚಿಗೇ ಯಾಕೆ ಇಷ್ಟು ಮರ್ಯಾದೆ ಅಂತ ಕೇಳಬಹುದು. ಇಲ್ಲಿ ಆ ನೀಲಿ ಬಂದಿದ್ದು ಚಂದಕ್ಕಲ್ಲ, ಕೆಲಸಕ್ಕೆ. ಕೈಗೆ ಕಟ್ಟೋ ವಾಚು ಅಂದ್ರೆ ಹೆಂಗಸರ ಒಡವೆ ಅನ್ನೋ ಕಾಲ ಒಂದಿತ್ತು, 1899ರಿಂದ 1902ರವರೆಗೆ ದಕ್ಷಿಣ ಆಫ್ರಿಕಾದಲ್ಲಿ ನಡೆದ ಬೋಯರ್ ಯುದ್ಧದಲ್ಲಿ ಬ್ರಿಟಿಷ್ ಆಫೀಸರುಗಳು ಜೇಬಿನ ಗಡಿಯಾರನ್ನೇ ಚರ್ಮದ ಪಟ್ಟೀಲಿ ಕೂರಿಸ್ಕೊಂಡು ಮಣಿಕಟ್ಟಿಗೆ ಕಟ್ಟೋಕೆ ಶುರು ಮಾಡಿದ್ರು, ಒಂದು ಕೈಲಿ ಕುದುರೆ ಲಗಾಮು ಇನ್ನೊಂದರಲ್ಲಿ ಆಯುಧ ಇದ್ರೆ ಜೇಬಿಗೆ ಯಾವ ಕೈ ಹಾಕೋದು. 1914ರ ಮೊದಲ ಮಹಾಯುದ್ಧ ಬರೋ ಹೊತ್ತಿಗೆ ಪಟ್ಟಿ ಹಾಕೋಕೆ ತಂತಿ ಕಿವಿಗಳನ್ನ ಬೆಸುಗೆ ಹಾಕಿದ ಚಿಕ್ಕ ವಾಚುಗಳು ಬಂದಿದ್ವು, ಈಗ ಅವನ್ನ ಟ್ರೆಂಚ್ ವಾಚ್, ಅಂದ್ರೆ ಕಂದಕದ ವಾಚು, ಅಂತೀವಿ. ಬಿಳೀ ಎನಾಮಲ್ ಡಯಲ್, ದೊಡ್ಡ ದೊಡ್ಡ ಅಂಕಿ, ನೀಲಿ ಉಕ್ಕಿನ ಮುಳ್ಳು.

ಆ ಮುಳ್ಳಿನ ಮೇಲೆ ಎಷ್ಟು ಭಾರ ಇತ್ತು ಅಂತ ತಿಳೀಬೇಕಾದ್ರೆ 1916ರ ಜುಲೈ 1 ನೆನಪು ಮಾಡ್ಕೋಬೇಕು, ಫ್ರಾನ್ಸಿನಲ್ಲಿ ಬ್ರಿಟಿಷರು ಜರ್ಮನ್ನರ ಮೇಲೆ ದಾಳಿ ಮಾಡಿದ ಸೋಮ್ ಯುದ್ಧದ ಮೊದಲ ದಿನ. ದಾಳಿ ಶುರು ಆಗಬೇಕಾಗಿದ್ದು ಬೆಳಿಗ್ಗೆ 7.30ಕ್ಕೆ. ಹಿಂದಿನ ಫಿರಂಗಿಯವರು ಒಂದು ಸಾಲಿನ ಮೇಲೆ ಗುಂಡು ಸುರಿಸಿ ಹೇಳಿದ ನಿಮಿಷಕ್ಕೆ ಗುರೀನ ಮುಂದಕ್ಕೆ ಒಯ್ಯಬೇಕು, ಕಾಲಾಳುಗಳು ಅದೇ ನಿಮಿಷಕ್ಕೆ ಕಂದಕದಿಂದ ಏಳಬೇಕು, ಫೋನಿನ ತಂತಿ ಶೆಲ್ ಬಿದ್ದು ತುಂಡಾದ್ರೆ ಒಬ್ರಿಗೊಬ್ರು ಹೇಳೋಕೆ ದಾರಿಯೇ ಇಲ್ಲ, ಇರೋದು ಮೊದಲೇ ಹೊಂದಿಸಿಕೊಂಡ ವಾಚು ಒಂದೇ. ನಿಮಿಷದ ಮುಳ್ಳನ್ನ ತಪ್ಪಾಗಿ ಓದಿದ್ರೆ ತಮ್ಮದೇ ಫಿರಂಗಿಗೆ ಸಿಕ್ಕೋದು. ಅಂಥ ಕಡೆ ಬಿಳೀ ಡಯಲ್ ಮೇಲೆ ಹೊಳೆಯೋ ಬಿಳೀ ಸ್ಟೀಲ್ ಮುಳ್ಳು ಇಟ್ರೆ ಬೆಳಕಿಗೆ ಅದು ಡಯಲಲ್ಲೇ ಕರಗಿಹೋಗತ್ತೆ, ನೀಲಿ ಮಾಡಿದ್ರೆ ಗೆರೆ ಎಳೆದ ಹಾಗೆ ಎದ್ದು ಕಾಣ್ಸತ್ತೆ. ಜೊತೆಗೆ ಆ ಆಕ್ಸೈಡ್ ಪೊರೆ ತುಕ್ಕನ್ನ ಒಂದಿಷ್ಟು ತಡೆಯತ್ತೆ, ಪೂರ್ತಿ ಅಲ್ಲ, ಒಂದಿಷ್ಟು. ಕಂದಕದ ಕೆಸರು ನೀರಲ್ಲಿ ಅದೂ ದೊಡ್ಡದೇ.

ರಾತ್ರಿ ಹೊತ್ತೂ ಕಾಣ್ಲಿ ಅಂತ ಮುಳ್ಳಿನ ಮಧ್ಯ ಟೊಳ್ಳು ಬಿಟ್ಟು ಅದರೊಳಗೆ ಕತ್ತಲಲ್ಲಿ ಹೊಳೆಯೋ ರೇಡಿಯಂ ಪೇಂಟ್ ತುಂಬ್ತಿದ್ರು. ಚರ್ಚಿನ ಕಿಟಕಿ ಚೌಕಟ್ಟಿನ ಹಾಗೆ ಕಾಣೋ ಮುಳ್ಳುಗಳಿವೆ, ಕೆಥೀಡ್ರಲ್ ಹ್ಯಾಂಡ್ಸ್ ಅಂತ ಹೆಸರು, ಆ ಅಡ್ಡಪಟ್ಟಿಗಳು ಪೇಂಟ್ ಹಿಡಿದು ನಿಲ್ಲೋಕೆ ಆಸರೆ. ಅಂದ್ರೆ ಹಗಲಿಗೆ ನೀಲಿ ಚೌಕಟ್ಟು, ರಾತ್ರಿಗೆ ಹಸಿರು ಹೊಳಪು, ಒಂದೇ ಮುಳ್ಳಲ್ಲಿ ಎರಡು ಪಾಳಿ ಕೆಲಸ.

ಎರಡನೇ ಮಹಾಯುದ್ಧದಲ್ಲೂ ಇದು ಮುಂದುವರೀತು. ಬ್ರಿಟಿಷ್ ಸೇನೆಯ ಎ.ಟಿ.ಪಿ. ಅಂತ ಹಿಂದೆ ಕೆತ್ತಿರೋ ವಾಚುಗಳಲ್ಲಿ ಎಷ್ಟೋ ಕಡೆ ಬೆಳ್ಳಿ ಬಣ್ಣದ ಡಯಲ್ ಮೇಲೆ ನೀಲಿ ಮುಳ್ಳು ಸಿಗತ್ತೆ, ವಾಯುಪಡೆಗೆ ಒಮೆಗಾದವರು ಮಾಡಿಕೊಟ್ಟ 6ಬಿ/159 ಅನ್ನೋ ನಂಬರಿನ ವಾಚು ಕೂಡ ಅದೇ ಜಾತಿ. ಜರ್ಮನ್ ಕಡೆ ನೋಡಿದ್ರೆ ಬಿ-ಊರ್ ಅನ್ನೋ ದೈತ್ಯ ವಾಚು, ಲಾಂಗೆ, ಲಾಕೊ, ಸ್ಟೋವಾ, ವೆಂಪೆ, ಐಡಬ್ಲ್ಯೂಸಿ ಈ ಐದು ಕಂಪನಿ ಮಾಡಿದ್ದು, ಅಡ್ಡಳತೆ 55 ಮಿಲಿಮೀಟರ್, ವಿಮಾನದಲ್ಲಿ ದಾರಿ ಲೆಕ್ಕ ಹಾಕೋರು ದಪ್ಪ ಜಾಕೆಟ್ಟಿನ ತೋಳಿನ ಮೇಲೇ ಕಟ್ಕೊಳ್ತಿದ್ರು. ಅದ್ರ ಡಯಲ್ ಕಪ್ಪು, ಅಗಲವಾದ ಮುಳ್ಳಿನ ತುಂಬಾ ಹೊಳೆಯೋ ಪೇಂಟು, ನೀಲಿ ಅನ್ನೋದು ಬರೀ ಅಂಚಲ್ಲಿ ಒಂದು ಗೆರೆ. ನೋಡೋಕೆ ಚೆನ್ನಾಗಿದೆ ನಿಜ, ಆದ್ರೆ ನನ್ನ ಪ್ರಕಾರ ನೀಲಿ ಮುಳ್ಳಿಗೆ ನ್ಯಾಯ ಸಿಗೋದು ತಿಳಿ ಡಯಲಲ್ಲೇ. 1945ರಲ್ಲಿ ಬ್ರಿಟಿಷರಿಗೆ ಹನ್ನೆರಡು ಕಂಪನಿ ಮಾಡಿಕೊಟ್ಟ ಡಬ್ಲ್ಯೂ.ಡಬ್ಲ್ಯೂ.ಡಬ್ಲ್ಯೂ. (ವಾಚ್, ರಿಸ್ಟ್, ವಾಟರ್‌ಪ್ರೂಫ್) ವಾಚುಗಳು, ಸಂಗ್ರಹಕಾರರು ಡರ್ಟಿ ಡಜನ್ ಅಂತಾರಲ್ಲ, ಅವೆಲ್ಲಾ ಕಪ್ಪು ಡಯಲ್. ಕಪ್ಪು ಡಯಲೇ ನಿಯಮ ಆದಮೇಲೆ ನೀಲಿ ಮುಳ್ಳಿಗೆ ಇದ್ದ ಮುಖ್ಯ ಕಾರಣವೇ ಹೋಯ್ತು, ಕಪ್ಪಿನ ಮೇಲೆ ಕಡುನೀಲಿ ಇಟ್ರೆ ಯಾರಿಗೆ ಕಾಣ್ಸತ್ತೆ.

ಇನ್ನು ಅಸಲಿಯೋ ಪೇಂಟೋ ಅಂತ ನೋಡೋದು ಹೇಗೆ. ಕಣ್ಣಿಗೆ ಲೂಪ್, ಅಂದ್ರೆ ವಾಚ್ ರಿಪೇರಿಯವರ ಪುಟ್ಟ ಭೂತಗನ್ನಡಿ, ಹಾಕ್ಕೊಳ್ಳಿ, ಒಂದೇ ದೀಪದ ಕೆಳಗೆ ವಾಚನ್ನ ನಿಧಾನಕ್ಕೆ ಓರೆ ಮಾಡ್ತಾ ಹೋಗಿ. ಬಿಸೀಲಿ ಬಂದ ನೀಲಿ ಆದ್ರೆ ಕಪ್ಪಿಂದ ನೀಲಿಗೆ ಹೊರಳತ್ತೆ, ಪಾಲಿಶಿನ ಸಣ್ಣ ಗೀರುಗಳು ಬಣ್ಣದ ಕೆಳಗೆ ಸ್ಪಷ್ಟವಾಗಿ ಕಾಣ್ಸತ್ತೆ. ಪೇಂಟು ಅಥವಾ ಲ್ಯಾಕರ್ ಆದ್ರೆ ಅಂಚಲ್ಲಿ, ಬುಡದ ರಂಧ್ರದ ಸುತ್ತ ಸ್ವಲ್ಪ ದಪ್ಪಗೆ ಕೂತಿರತ್ತೆ, ಗೀರುಗಳನ್ನ ಮುಚ್ಚಿಬಿಟ್ಟಿರತ್ತೆ. ರಾಸಾಯನಿಕದಲ್ಲಿ ಮಾಡಿದ ನೀಲಿ ಇವೆರಡರ ಮಧ್ಯದ್ದು, ಎಲ್ಲಾ ಕಡೆ ಒಂದೇ ಸಮ, ಆಳ ಕಮ್ಮಿ. ನನ್ನ ಹತ್ರ ಇರೋ ಟ್ರೆಂಚ್ ವಾಚಲ್ಲಿ ನಿಮಿಷದ ಮುಳ್ಳಿನ ಬುಡದಲ್ಲಿ ಅಕ್ಕಿಕಾಳಿನ ತುದಿಯಷ್ಟು ಜಾಗ ನೇರಳೆಯಾಗೇ ಉಳಿದಿದೆ, ದಪ್ಪ ಜಾಗ ಅಲ್ವಾ, ಬಿಸಿ ಅಲ್ಲಿಗೆ ಚೂರು ತಡವಾಗಿ ತಲುಪಿದೆ. ಅದನ್ನ ದೋಷ ಅನ್ನೋರೂ ಇದ್ದಾರೆ, ನನಗೆ ಇಡೀ ವಾಚಲ್ಲಿ ಅದೇ ಪ್ರೀತಿ. ಮ್ಯಾಗ್ನೆಟ್ ಹಿಡಿದು ಸ್ಟೀಲ್ ಹೌದೋ ಅಲ್ವೋ ನೋಡಿ ಅಂತ ಯಾರಾದ್ರೂ ಹೇಳಿದ್ರೆ ದಯವಿಟ್ಟು ಬೇಡ, ವಾಚಿನ ಗತಿ ಹಿಡಿದಿಡೋ ಒಳಗಿನ ಕೂದಲೆಳೆ ಸ್ಪ್ರಿಂಗಿಗೆ ಅಯಸ್ಕಾಂತ ಹಿಡಿದ್ರೆ ವಾಚು ಗಂಟೆಗೆ ಎಷ್ಟೋ ನಿಮಿಷ ಮುಂದೆ ಓಡೋಕೆ ಶುರು ಮಾಡತ್ತೆ.

ಹಾಗಂತ ಮುಳ್ಳು ಬೇರೆ ಥರ ಇದ್ದ ತಕ್ಷಣ ಮೋಸ ಅಂತ ತೀರ್ಮಾನ ಮಾಡಬೇಡಿ. ಸೇನೆಯ ವರ್ಕ್‌ಶಾಪುಗಳಲ್ಲೇ ಸರ್ವಿಸ್ ಮಾಡೋವಾಗ ಹಾಳಾದ ಮುಳ್ಳು ತೆಗೆದು ಕೈಗೆ ಸಿಕ್ಕಿದ್ದನ್ನ ಹಾಕ್ತಿದ್ರು, ಅವರಿಗೆ ಸಮಯ ತೋರಿಸಿದ್ರೆ ಸಾಕಿತ್ತು. ಮುಳ್ಳಿಗೂ ಡಯಲಿಗೂ ಎಷ್ಟು ವರ್ಷದ ಒಡನಾಟ ಅಂತ ಗೊತ್ತಾಗೋದು ಕೆಲವು ಸಲ ಡಯಲ್ ನೋಡಿದ್ರೆ, ಕಾಗದ ಸುಟ್ಟ ಹಾಗೆ ಕಂದು ನೆರಳೊಂದು ಮುಳ್ಳಿನ ಆಕಾರದಲ್ಲೇ ಬಿದ್ದಿರತ್ತೆ, ವಾಚು ನಿಂತು ವರ್ಷಗಟ್ಲೆ ಒಂದೇ ಕಡೆ ಇದ್ದಾಗ ಮುಳ್ಳಲ್ಲಿದ್ದ ರೇಡಿಯಂ ಮಾಡಿದ ಗಾಯ ಅದು.

ರೇಡಿಯಂ ಅಂದೆ, ಅದು ವಿಕಿರಣ ಸೂಸೋ ವಸ್ತು, ಇದನ್ನ ಹೇಳದೇ ಮುಗಿಸೋ ಹಾಗಿಲ್ಲ. ಹಳೇ ಪೇಂಟು ಈಗ ಹೊಳೆಯಲ್ಲ ಅಂದ್ರೆ ರೇಡಿಯಂ ಸತ್ತಿದೆ ಅಂತ ಅಲ್ಲ, ಹೊಳೀತಿದ್ದ ಸತುವಿನ ಸಲ್ಫೈಡ್ ಸುಟ್ಟು ಸುಸ್ತಾಗಿದೆ ಅಷ್ಟೆ, ರೇಡಿಯಂ 226 ಅರ್ಧ ಆಗೋಕೆ 1600 ವರ್ಷ ಬೇಕು. ಒಳಗೆ ಮುಚ್ಚಿದ್ದಾಗ ಬೇರೆ ಮಾತು, ಆದ್ರೆ ಗಾಜು ತೆಗೆದು ಮುಳ್ಳು ಕೆರೆದ್ರಿ ಅಂದ್ರೆ ಆ ಪುಡಿ ಉಸಿರಲ್ಲಿ ಮೈಯೊಳಗೆ ಹೋಗತ್ತೆ. ಮನೇಲಿ ಬಿಚ್ಚಬೇಡಿ, ನಾಲ್ಕಾರು ವಾಚು ಇದ್ರೆ ಗಾಳಿಯಾಡೋ ಜಾಗದಲ್ಲಿಡಿ, ರೇಡಿಯಂ ವಾಚು ಮುಟ್ಟಿ ಅಭ್ಯಾಸ ಇರೋರ ಕೈಗೇ ಕೊಡಿ.

ಕೊಡೋವಾಗ ಬಾಯಲ್ಲಿ ಹೇಳಿದ್ರೆ ಸಾಲದು. ನನ್ನ ಒಂದು ಎ.ಟಿ.ಪಿ. ವಾಚನ್ನ ಎಣ್ಣೆ ಹಾಕಿಸೋಕೆ ಅಂತ ಒಬ್ರ ಹತ್ರ ಬಿಟ್ಟಿದ್ದೆ, ಗಂಟೆ ಮುಳ್ಳಿನ ಮೇಲೆ ಎರಡು ಚುಕ್ಕಿ ತುಕ್ಕು ಇತ್ತು, ಅವರು ಒಳ್ಳೇ ಮನಸ್ಸಿಂದಲೇ ತುಕ್ಕು ತೆಗೆಯೋ ದ್ರಾವಣಕ್ಕೆ ಅದ್ದಿಬಿಟ್ಟಿದ್ದಾರೆ, ತುಕ್ಕು ಹೋಯ್ತು, ಅದ್ರ ಜೊತೆ ಆ ನೀಲಿ ಪೊರೆಯೂ ಹೋಯ್ತು, ವಾಪಸ್ ಬಂದಾಗ ನಿಮಿಷದ ಮುಳ್ಳು ನೀಲಿ, ಗಂಟೆ ಮುಳ್ಳು ಬೋಳು ಬಿಳುಪು. ಅದನ್ನ ಮತ್ತೆ ಕಾಯಿಸಿ ನೀಲಿ ಮಾಡಬಹುದಿತ್ತು, ಮಾಡ್ಲಿಲ್ಲ, ಎಪ್ಪತ್ತೆಂಬತ್ತು ವರ್ಷದ ಹಿಂದೆ ಒಬ್ರು ಹಿಡಿದ ಹದ ನನ್ನ ಕೈಲಿ ವಾಪಸ್ ಬರಲ್ಲ ಅಂತ ಹಾಗೇ ಬಿಟ್ಟಿದ್ದೀನಿ. ಈಗ ಯಾವ ವಾಚು ಸರ್ವಿಸಿಗೆ ಹೋದ್ರೂ ಡಬ್ಬಿ ಮೇಲೆ ಒಂದು ಚೀಟಿ ಅಂಟಿಸ್ತೀನಿ, ದಪ್ಪ ಅಕ್ಷರದಲ್ಲಿ: ಮುಳ್ಳು ಒರೆಸಬೇಡಿ, ಉಜ್ಜಬೇಡಿ, ಯಾವುದಕ್ಕೂ ಅದ್ದಬೇಡಿ, ತುಕ್ಕು ಇದ್ರೆ ಇರಲಿ.