ಬೆಟ್ಟದ ನೆತ್ತಿಯಲ್ಲಿ ಬೇಟೆಹಕ್ಕಿಗಳ ಲೆಕ್ಕ

ತೇರೆಳೆಯುವಾಗ ಗರುಡ ಬಂದು ಪ್ರದಕ್ಷಿಣೆ ಹಾಕುತ್ತದೆ ಎಂಬ ಮಾತನ್ನು ನಮ್ಮ ಕಡೆಯ ಜಾತ್ರೆಗಳಲ್ಲಿ ಕೇಳದವರಿಲ್ಲ. ಬರುವುದೇನೋ ನಿಜ. ಆದರೆ ತೇರು ಹೊರಡುವುದು ಸಾಮಾನ್ಯವಾಗಿ ನಡುಮಧ್ಯಾಹ್ನದ ಅಭಿಜಿನ್ ಮುಹೂರ್ತದಲ್ಲಿ. ಕಾದ ನೆಲದಿಂದ ಬಿಸಿಗಾಳಿ ಜೋರಾಗಿ ಮೇಲೇಳುವುದೂ ಅದೇ ಹೊತ್ತಿಗೆ. ಬೆಳಿಗ್ಗೆ ಆರಕ್ಕೇ ತೇರೆಳೆದು ನೋಡಿ, ಗರುಡನಿಗಾಗಿ ಕತ್ತೆತ್ತಿ ಕಾಯಬೇಕಾದೀತು!

ವಲಸೆ ಹೋಗುವ ದೊಡ್ಡ ಬೇಟೆಹಕ್ಕಿಗಳ ಪ್ರಯಾಣಕ್ಕೂ ಈ ಬಿಸಿಗಾಳಿಯ ಕಂಬವೇ ಆಧಾರ. ಸದಾ ರೆಕ್ಕೆ ಬಡಿಯುತ್ತಿದ್ದರೆ ಮೈಯಲ್ಲಿನ ಕೊಬ್ಬು ದಾರಿಯಲ್ಲೇ ಮುಗಿದೀತು. ಅದಕ್ಕೇ ರೆಕ್ಕೆ ಚಾಚಿ ಕಂಬದೊಳಗೆ ಸುತ್ತುತ್ತ ಮೇಲೇರುತ್ತವೆ, ತುದಿಯಲ್ಲಿ ರೆಕ್ಕೆ ಮಡಚಿ ಮುಂದಕ್ಕೆ ಜಾರುತ್ತವೆ. ಒಂದು ಮೀಟರ್ ಇಳಿದರೆ ಸುಮಾರು 10 ಮೀಟರ್ ದಾರಿ ಸಾಗಿತೆಂದು ಹಿಡಿಯಿರಿ. 1 ಕಿ.ಮೀ. ಏರಿದ ಹಕ್ಕಿಗೆ 10 ಕಿ.ಮೀ. ಬಿಟ್ಟಿ ಪ್ರಯಾಣ. ಅಷ್ಟರಲ್ಲಿ ಇನ್ನೊಂದು ಕಂಬ ಸಿಗಬೇಕು. ಬೇಗ ಕಾಯುವ ಬೋಳು ಬಂಡೆಯ ಬೆಟ್ಟಗಳು ಇದಕ್ಕೆ ಒಳ್ಳೆಯ ಜಾಗ.

ಬೆಟ್ಟದ ಮೇಲೆ ನಿಂತು ಈ ವಲಸೆ ಹಕ್ಕಿಗಳನ್ನು ಎಣಿಸುವವರು ತಪ್ಪುವುದು ಇಲ್ಲೇ. ಸುತ್ತುತ್ತಿರುವ ಗುಂಪನ್ನು ಎಣಿಸಲು ಹೋದರೆ ಮೇಲಿನದು ಕೆಳಗಿನದನ್ನು ಮರೆಮಾಡುತ್ತದೆ, ಎಣಿಸಿದ್ದೇ ಮತ್ತೆ ಎದುರಾಗುತ್ತದೆ. ಶಿರಾ ಕಡೆಯ ಕುರಿಗಾಹಿ ಕುರಿಗಳನ್ನು ರೊಪ್ಪದೊಳಗೆ ಎಣಿಸುವುದಿಲ್ಲ, ಬಾಗಿಲು ದಾಟುವಾಗ ಎಣಿಸುತ್ತಾನೆ. ಇಲ್ಲೂ ಅಷ್ಟೇ. ಕಂಬದ ತುದಿಯಿಂದ ಹಕ್ಕಿಗಳು ಸಾಲಾಗಿ ಜಾರಲು ಶುರುವಿಟ್ಟಾಗ ಕೈಯಲ್ಲಿನ ಕ್ಲಿಕ್ಕರ್ (ಒತ್ತಿದಂತೆ ಒಂದೊಂದೇ ಎಣಿಸುವ ಪುಟ್ಟ ಸಾಧನ) ಒತ್ತಬೇಕು. ಮೊದಲೇ ದೂರದ ಎರಡು ಗುರುತು ಹಿಡಿದು ಪೂರ್ವ-ಪಶ್ಚಿಮವಾಗಿ ಮನಸ್ಸಿನಲ್ಲೇ ಒಂದು ಗೆರೆ ಎಳೆದುಕೊಳ್ಳಿ. ಅಕ್ಟೋಬರ್-ನವೆಂಬರಿನಲ್ಲಿ ಗೆರೆ ದಾಟಿ ದಕ್ಷಿಣಕ್ಕೆ ಹೋದದ್ದು ಒಂದು, ವಾಪಸು ಬಂದರೆ ಒಂದು ಕಳೆಯಿರಿ. ದಿನವಿಡೀ ಅಲ್ಲೇ ಗಿರಕಿ ಹೊಡೆಯುವ ಊರಿನ ಹದ್ದುಗಳನ್ನು ವಲಸೆಯ ಲೆಕ್ಕಕ್ಕೆ ಸೇರಿಸುವುದು ಹೊಸಬರು ಮಾಡುವ ಮಾಮೂಲಿ ಎಡವಟ್ಟು.

ಇಬ್ಬರು ನೋಡಲಿ, ಒಬ್ಬರು ಬರೆಯಲಿ. ಬರೆಯುವವರು ಆಕಾಶ ನೋಡಕೂಡದು. ಎಂಟು ಪಟ್ಟು ದೊಡ್ಡದಾಗಿ ತೋರಿಸುವ 8x42 ಬೈನಾಕ್ಯುಲರ್ ಸಾಕು. ಮೋಡವಿಲ್ಲದ ನೀಲಿಯಲ್ಲಿ ಕಣ್ಣಿಗೆ ಹಿಡಿತ ಸಿಗುವುದಿಲ್ಲ, ನೋಟ ತಾನಾಗಿಯೇ ಹತ್ತಿರಕ್ಕೆ ಜಾರುತ್ತದೆ, ನೆತ್ತಿಯ ಮೇಲೇ ಹಾದುಹೋದ ಹಕ್ಕಿಯೂ ತಪ್ಪಿಹೋಗುತ್ತದೆ. ದೂರದ ಬೆಟ್ಟದ ಅಂಚಿಗೆ ಫೋಕಸ್ ಮಾಡಿಟ್ಟುಕೊಂಡು, ಆಗಾಗ ಕಣ್ಣನ್ನೂ ಆ ಅಂಚಿಗೆ ಹಾಯಿಸಿ ಮತ್ತೆ ಆಕಾಶಕ್ಕೆ ಬನ್ನಿ. ಬಿಳಿ ಮೋಡವಿದ್ದರೆ ಹಬ್ಬ.

ಪ್ರತಿ ಗಂಟೆಗೂ ಗಾಳಿಯ ದಿಕ್ಕು, ಮೋಡ, ಎಷ್ಟು ದೂರ ಕಾಣುತ್ತಿದೆ, ಎಷ್ಟು ಜನ ನೋಡುತ್ತಿದ್ದಾರೆ ಎಂಬುದನ್ನು ಬರೆಯಿರಿ. ಗುರುತು ಸಿಗದ್ದಕ್ಕೆ 'ಗೊತ್ತಾಗಲಿಲ್ಲ' ಎಂಬ ಕಾಲಂ ಇರಲಿ, ಊಹಿಸಿ ಹೆಸರು ಬರೆಯಬೇಡಿ. ಏನೂ ಬಾರದ ಗಂಟೆಗೆ ಸೊನ್ನೆ ಬರೆಯಲೇಬೇಕು. ಖಾಲಿ ಬಿಟ್ಟರೆ ಹಕ್ಕಿ ಬರಲಿಲ್ಲವೋ, ನೋಡಲು ಜನರೇ ಇರಲಿಲ್ಲವೋ ಗೊತ್ತಾಗುವುದಿಲ್ಲ. ಕೊನೆಗೆ ಉಪಯೋಗಕ್ಕೆ ಬರುವುದು ಗಂಟೆಗೆ ಎಷ್ಟು ಎಂಬ ದರ, ಒಟ್ಟು ಮೊತ್ತವಲ್ಲ.

ಅಮೆರಿಕದ ಪೆನ್ಸಿಲ್ವೇನಿಯಾದ ಹಾಕ್ ಮೌಂಟನ್‌ನಲ್ಲಿ ಜನ ಮೋಜಿಗೆಂದು ಗಿಡುಗಗಳನ್ನು ಗುಂಡಿಟ್ಟು ಕೊಲ್ಲುತ್ತಿದ್ದರು. 1934ರಲ್ಲಿ ರೋಸಲಿ ಎಡ್ಜ್ ಎಂಬ ಹೆಣ್ಣುಮಗಳು ಆ ಬೆಟ್ಟವನ್ನೇ ಗುತ್ತಿಗೆಗೆ ಹಿಡಿದು ಬೇಟೆ ನಿಲ್ಲಿಸಿದರು; ಎಣಿಕೆಯೂ ಆಗಲೇ ಆರಂಭವಾಯಿತು. ಬೋಳುತಲೆ ಹದ್ದುಗಳ ಪೈಕಿ 1935-39ರಲ್ಲಿ ಶೇ. 40ರಷ್ಟಿದ್ದ ಎಳೆಯ ಹಕ್ಕಿಗಳು 1955-59ರ ಹೊತ್ತಿಗೆ ಶೇ. 20ಕ್ಕೆ ಇಳಿದವು. 1962ರಲ್ಲಿ ಅಮೆರಿಕದ ಲೇಖಕಿ ರೇಚಲ್ ಕಾರ್ಸನ್, ಹಕ್ಕಿಗಳ ಸಂತಾನವನ್ನೇ ಕುಗ್ಗಿಸುತ್ತಿದ್ದ ಡಿಡಿಟಿ ಎಂಬ ಕೀಟನಾಶಕದ ವಿರುದ್ಧ ಬರೆದಾಗ ಈ ಅಂಕಿಗಳನ್ನೂ ಮುಂದಿಟ್ಟರು. ವಯಸ್ಸಿನ ಕಾಲಂ ಇರದಿದ್ದರೆ ಇದು ಯಾರಿಗೂ ಕಾಣುತ್ತಿರಲಿಲ್ಲ.

ಅಲ್ಲಿನ ಸಾವಿರಗಳನ್ನು ಇಲ್ಲಿ ನಿರೀಕ್ಷಿಸಬೇಡಿ. ಅಲ್ಲಿರುವುದು ಉದ್ದಕ್ಕೂ ಸಾಗುವ ಬೆಟ್ಟಸಾಲು. ಗಾಳಿ ಅದಕ್ಕೆ ಬಡಿದು ಮೇಲಕ್ಕೇಳುತ್ತದೆ, ಹಕ್ಕಿಗಳು ಸಾಲನ್ನೇ ಹಿಡಿದು ಹೋಗುತ್ತವೆ. 1478 ಮೀಟರ್ ಎತ್ತರದ ನಂದಿಬೆಟ್ಟವಾಗಲಿ, ದೇವರಾಯನದುರ್ಗವಾಗಲಿ, ಕೋಲಾರದ ಅಂತರಗಂಗೆಯಾಗಲಿ ಅಂಥ ಸಾಲಲ್ಲ. ಬಹಳಷ್ಟು ಗಾಳಿ ಪಕ್ಕದಿಂದ ನುಸುಳಿಕೊಳ್ಳುತ್ತದೆ, ಹಕ್ಕಿಗಳೂ ಚದುರಿ ಹೋಗುತ್ತವೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲಿಗೆ ಚಳಿಗಾಲದಲ್ಲಿ ಬರುವ ಹ್ಯಾರಿಯರ್ ಎಂಬ ಬೇಟೆಹಕ್ಕಿಗಳು ರೆಕ್ಕೆ ಬಡಿದೂ ದೂರ ಹಾರಬಲ್ಲವು, ಬಿಸಿಗಾಳಿಯನ್ನೇ ನೆಚ್ಚಿಕೊಂಡಿಲ್ಲ. ಅವನ್ನು ಬೆಟ್ಟದ ಮೇಲೆ ಕಾಯುವುದಕ್ಕಿಂತ, ಸಂಜೆ ಹುಲ್ಲಿನಲ್ಲಿ ತಂಗಲು ಇಳಿಯುವಾಗ ದೂರ ನಿಂತು ಎಣಿಸುವುದೇ ಸರಿ.